ಬುತ್ತಿ ಕಾಯುತ್ತಿದ್ದ ಮುತ್ಯಾ

ಕಳೆದ ತಿಂಗಳು ತರಬೇತಿ ಮುಗಿಸಿಕೊಂಡು ಇಂಡಿಯಿಂದ ಸಿಂದಗಿಗೆ ಬರುವ ಬಸ್ಸಿನಲ್ಲಿ ಕುಳಿತಿದ್ದೆ. ಪಕ್ಕದಲ್ಲಿದ್ದ ಹೆಣ್ಣುಮಗಳು ತೊಡೆಯ ಮೇಲಿನ ಬುತ್ತಿ ಬಿಚ್ಚಿದಳು. ಹಳೆಯ ಧೋತರದ ತುಂಡಿನಲ್ಲಿ ಸುತ್ತಿದ ಜೋಳದ ರೊಟ್ಟಿ, ಅದರ ಮೇಲೆ ಅಗಸಿ ಹಿಂಡಿಯ ಚಟ್ನಿ. ಬಿಸಿ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿ ನಾಲ್ಕು ತಾಸು ಇಟ್ಟರೆ ರೊಟ್ಟಿ, ಬಟ್ಟೆ ಎರಡೂ ಸೇರಿ ಬೆವರಿದಂಥ ಒಂದು ವಾಸನೆ ಬರುತ್ತದೆ. “ಒಂದು ತುತ್ತು ತಿನ್ರಿ ಅಕ್ಕಾರ” ಅಂದಳು. ಒಲ್ಲೆ ಎಂದು ಕಿಟಕಿಯ ಕಡೆ ತಿರುಗಿಕೊಂಡೆ.

ಆ ವಾಸನೆಯ ಜೊತೆಗೆ ನಾನು ಮುತ್ಯಾ ಎಂದು ಕರೆಯುತ್ತಿದ್ದ ಒಬ್ಬ ಮುದುಕರು ನೆನಪಾಗಿದ್ದರು. ಹದಿನೈದು ವರ್ಷಗಳ ಹಿಂದೆ ವಿಜಯಪುರದ ಬಸ್ ನಿಲ್ದಾಣದಲ್ಲಿ ನನ್ನ ಬುತ್ತಿ ಕಾಯುತ್ತಿದ್ದವರು. ಅವರು ನನಗೆ ಮಾಡಿದ ಉಪಕಾರ ದೊಡ್ಡದು. ನಾನು ಅವರಿಗೆ ಹೇಳಿದ್ದು ಮಾತ್ರ ಒಂದು ಸುಳ್ಳು. ಎಂದಾದರೂ ಹೋಗಿ ನಿಜ ಹೇಳಬೇಕು ಅಂದುಕೊಳ್ಳುತ್ತಲೇ ಇಷ್ಟು ವರ್ಷ ಕಳೆದಿದ್ದೆ...

ನಾನು ಮುದ್ದೇಬಿಹಾಳದ ಕಾಲೇಜಿನಲ್ಲಿ ಬಿ.ಎ. ಮೊದಲ ವರ್ಷ ಓದಿದವಳು. ಭೂಗೋಳ ತೆಗೆದುಕೊಂಡವರು ನಾವು ಮೂವರೇ ಇದ್ದೆವು. ಕಲಿಸುತ್ತಿದ್ದ ಸರ್ ನಿವೃತ್ತರಾದರು, ಉಳಿದಿಬ್ಬರು ಬೇರೆ ವಿಷಯ ತೆಗೆದುಕೊಂಡರು. ನಾನು ಮಾತ್ರ ಭೂಗೋಳವೇ ಬೇಕು ಅಂದೆ. “ಹಂಗಾರ ಬಿಜಾಪುರಕ್ಕ ಹೋಗವಾ, ಅಲ್ಲಿ ವಿಶ್ವವಿದ್ಯಾಲಯದಾಗ ಕಲಸ್ತಾರ” ಎಂದು ವರ್ಗಾವಣೆಯ ಅರ್ಜಿ ಬರೆದುಕೊಟ್ಟವರೂ ಆ ಸರ್‌ ಅವರೇ.

ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿಹೋಗಿದ್ದ. ನಾಲತವಾಡದಲ್ಲಿ ಕಾಕಾ, ಚಿಗವ್ವನ ಮನೆಯಲ್ಲಿ ನಾನು, ಅವ್ವ ಇದ್ದೆವು. ಕಾಕಾನಿಗೆ ನನ್ನನ್ನು ಅಷ್ಟು ದೂರ ಕಳಿಸುವ ಮನಸ್ಸಿರಲಿಲ್ಲ. ಎಂದೂ ಅವನಿಗೆ ಎದುರಾಡದ ಅವ್ವ ಅವತ್ತು ಮಾತ್ರ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, “ಹೋಗಲಿ ಬಿಡು, ಓದತಾಳ” ಅಂದಳು. ಕಾಕಾ, “ಒಂದ ವರ್ಷ ಕೆಟ್ರೂ ಕರಕೊಂಡು ಬರ್ತೇನಿ. ಆಮ್ಯಾಲ ನಾ ತೋರಿಸಿದ ವರಾನ್ನ ಮಾಡ್ಕೋಬೇಕು. ಆಗೂದಿದ್ರ ಹೋಗು” ಅಂದ. ಆಗಲಿ ಅಂದೆ.

ಕಾಗದಪತ್ರ ಮುಗಿಸಿ ಸೇರುವಷ್ಟರಲ್ಲಿ ಪಾಠ ಶುರುವಾಗಿ ಎರಡು ತಿಂಗಳಾಗಿತ್ತು. ಹಾಜರಿಯಲ್ಲಿ ಎಲ್ಲರ ಹೆಸರೂ ಅಚ್ಚಾಗಿದ್ದವು, ನನ್ನದನ್ನು ಕೊನೆಯಲ್ಲಿ ಪೆನ್ನಿನಿಂದ ಬರೆದಿದ್ದರು. ಎಷ್ಟೋ ಸಲ ಪುಸ್ತಕ ಮುಚ್ಚುವ ಹೊತ್ತಿಗೆ ನಾನೇ ಎದ್ದು ನಿಂತು, “ನಂದೊಂದು ಉಳೀತ್ರಿ” ಅನ್ನಬೇಕಾಗುತ್ತಿತ್ತು. ಜೊತೆಯ ಹುಡುಗಿಯರು ಕೆಟ್ಟವರೇನಲ್ಲ. ಆದರೆ ಯಾರ ಪಕ್ಕ ಯಾರು ಕೂಡಬೇಕು, ಯಾರ ಜೊತೆ ಯಾರು ಉಣ್ಣಬೇಕು ಎನ್ನುವುದೆಲ್ಲ ನಾನು ಬರುವ ಮೊದಲೇ ತೀರ್ಮಾನವಾಗಿತ್ತು. ನನಗೆ ‘ಟ್ರಾನ್ಸ್‌ಫರ್’ ಅಂತಲೇ ಹೆಸರು ಬಿತ್ತು. “ಏ ಟ್ರಾನ್ಸ್‌ಫರ್, ಸ್ವಲ್ಪ ಸರಿಯವಾ” ಅನ್ನುತ್ತಿದ್ದರು. ಹಾಸ್ಟೆಲ್ ತುಂಬಿದ್ದರಿಂದ ಒಬ್ಬರ ಮನೆಯ ಹಿತ್ತಲಲ್ಲಿ ಒಂದು ಖೋಲಿ ಹಿಡಿದಿದ್ದೆ. ಸಂಜೆ ಬಾಗಿಲು ಹಾಕಿಕೊಂಡರೆ ಮರುದಿನ ಬೆಳಗಿನವರೆಗೆ ಮಾತಿಲ್ಲ. ಕೆಲವು ಸಲ ಪಾಠದ ಪುಸ್ತಕ ಜೋರಾಗಿ ಓದುತ್ತಿದ್ದೆ, ನನ್ನ ದನಿ ಇದೆಯೋ ಇಲ್ಲವೋ ನೋಡುವುದಕ್ಕೆ.

ದಿನಕ್ಕೊಮ್ಮೆ ನನ್ನನ್ನು ಮಾತಾಡಿಸುತ್ತಿದ್ದವರೆಂದರೆ ಆ ಮುತ್ಯಾ ಒಬ್ಬರೇ.

ನಮ್ಮ ಕಡೆ ಊರು ಬಿಟ್ಟು ಓದುವ ಮಕ್ಕಳಿಗೆ ಮನೆಯಿಂದ ಬುತ್ತಿ ಬರುತ್ತಿತ್ತು. ನಸುಕಿನಲ್ಲಿ ರೊಟ್ಟಿ ಬಡಿದು, ಡಬ್ಬಿಗೆ ಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊದಲ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದರು. ನಾಲತವಾಡದಿಂದ ಹೊರಟ ನನ್ನ ಬುತ್ತಿ ಮುದ್ದೇಬಿಹಾಳ, ಬಸವನ ಬಾಗೇವಾಡಿ ದಾಟಿ ಹತ್ತು ಗಂಟೆಗೆ ವಿಜಯಪುರಕ್ಕೆ ಬಂದು ಸೇರುತ್ತಿತ್ತು. ಹೊರ್ತಿ, ಇಂಡಿ, ಸಿಂದಗಿ ಗಾಡಿಗಳಲ್ಲೂ ಹೀಗೇ ಬರುತ್ತಿದ್ದವು. ಎಲ್ಲ ಕಂಡಕ್ಟರುಗಳೂ ಬುತ್ತಿಗಳನ್ನು ತಂದು ಇಡುತ್ತಿದ್ದದ್ದು ಒಂದೇ ಕಡೆ, ನಿಲ್ದಾಣದ ಒಂದು ಕಂಬದ ಬುಡದಲ್ಲಿ ಗೋಣಿತಟ್ಟು ಹಾಸಿಕೊಂಡು ಕೂತಿರುತ್ತಿದ್ದ ಈ ಮುತ್ಯಾನ ಬಳಿ. ಅವರ ಕೆಲಸ ಬ್ಯಾಗಿನ ಚೈನು ರಿಪೇರಿ. ಬುತ್ತಿ ಕಾಯುವುದನ್ನು ಯಾರೂ ಅವರಿಗೆ ಒಪ್ಪಿಸಿರಲಿಲ್ಲ. ಹೇಗೂ ದಿನವಿಡೀ ಅಲ್ಲೇ ಕೂಡುತ್ತಿದ್ದರು, ಕಾಯುತ್ತಿದ್ದರು.

ಅವರಿಗೆ ಓದಲು ಬರುತ್ತಿರಲಿಲ್ಲ. ಡಬ್ಬಿಯ ಮೇಲೆ ಬರೆದ ಹೆಸರಿನಿಂದ ಅವರಿಗೆ ಪ್ರಯೋಜನವಿರಲಿಲ್ಲ. ಬಟ್ಟೆ ನೋಡಿ, ಗಂಟು ನೋಡಿ ಯಾರದು ಯಾವುದೆಂದು ಹೇಳುತ್ತಿದ್ದರು. ನಾನು ಹೋದ ನಾಲ್ಕನೆಯ ದಿನವೋ ಐದನೆಯ ದಿನವೋ, ಡಬ್ಬಿ ಕೊಡುತ್ತ ಕೇಳಿದರು.

“ನಿಮ್ಮವ್ವ ಎಡಚಿ ಹೌದಲ್ಲ?”

ನನಗೆ ಗಾಬರಿಯಾಯಿತು. ಅವ್ವ ಎಡಗೈಯಲ್ಲೇ ಎಲ್ಲ ಕೆಲಸ ಮಾಡುವವಳು. “ನಿಮಗ್ಹೆಂಗ ಗೊತ್ರಿ?” ಅಂದೆ.

“ಗಂಟು ಉಲ್ಟಾ ಬಿದ್ದೈತಿ ನೋಡು. ಮತ್ತ ತುದಿ ಒಳಗ ಸಿಗಿಸ್ಯಾಳ. ಭಾಳ ಕಾಳಜಿ ಹೆಣಮಗಳು. ಅಲ್ಲಿ ನೋಡು, ಆ ಇಂಡಿ ಡಬ್ಬಿ, ಅದು ಸಿಟ್ಟಿನ್ಯಾಗ ಕಟ್ಟಿದ ಗಂಟು. ಬಿಚ್ಚೂದ್ರಾಗ ಆ ಹುಡುಗಿ ಉಗುರು ಮುರೀತಾವು.”

ಆ ಊರಿಗೆ ಬಂದ ಮೇಲೆ ನಾನು ಮೊದಲ ಸಲ ನಕ್ಕದ್ದು ಅವತ್ತೇ ಇರಬೇಕು.

ಅಲ್ಲಿಂದ ದಿನಾ ಹತ್ತು ನಿಮಿಷ ಅವರ ಹತ್ತಿರ ನಿಲ್ಲುತ್ತಿದ್ದೆ. ಅವರು ಸೂಜಿಯಿಂದ ತಲೆ ಎತ್ತದೆಯೇ, “ಏನ ಕಲತಿ ನಿನ್ನೆ?” ಅನ್ನುತ್ತಿದ್ದರು. ನದಿ, ಮಣ್ಣು, ಗಾಳಿ ಅಂತ ಏನೋ ಹೇಳುತ್ತಿದ್ದೆ. “ಇದನ್ನ ಕಲಿಯಾಕ ಇಷ್ಟ ದೂರ ಬಂದೇನ? ಮಣ್ಣ ನಿಮ್ಮೂರಾಗ ಇರಲಿಲ್ಲ?” ಎಂದು ಕಾಡಿಸುತ್ತಿದ್ದರು. ಅಷ್ಟೇ ಮಾತು. ಆ ಹತ್ತು ನಿಮಿಷದ ಮೇಲೆ ಉಳಿದ ದಿನ ಹೇಗೋ ದೂಡುತ್ತಿದ್ದೆ.

ತೊಗರಿ ರಾಶಿಯ ಹಂಗಾಮು ಬಂತು. ನಾನು ಭಾನುವಾರಕ್ಕೊಮ್ಮೆ ಕಾಯಿನ್ ಬಾಕ್ಸಿನಿಂದ ಕಾಕಾನ ಮೊಬೈಲಿಗೆ ಫೋನು ಮಾಡುತ್ತಿದ್ದೆ. ಎರಡು ಭಾನುವಾರ ಅವ್ವ ಮಾತಿಗೆ ಸಿಗಲಿಲ್ಲ. “ಹೊಲಕ್ಕ ಹೋಗ್ಯಾಳ” ಅಂದ ಕಾಕಾ. ಇರಬಹುದು ಅಂದುಕೊಂಡೆ. ಬುತ್ತಿ ತಪ್ಪದೆ ಬರುತ್ತಿತ್ತಲ್ಲ.

ಒಂದು ದಿನ ಮುತ್ಯಾ ಡಬ್ಬಿಯನ್ನು ಕೈಗೆ ಕೊಡದೆ ತಮ್ಮ ತೊಡೆಯ ಮೇಲೇ ಇಟ್ಟುಕೊಂಡರು.

“ಯವ್ವಾ, ಇದು ನಿಮ್ಮವ್ವ ಕಟ್ಟಿದ್ದಲ್ಲ. ಎಂಟು ದಿನಾ ಆತು. ನನಗ ಯಾಕ ಬೇಕು ಅಂತ ಸುಮ್ಮನಿದ್ದೆ.”

“ಚಿಗವ್ವ ಕಟ್ಟಿರಬೇಕ್ರಿ. ಅವ್ವ ಹೊಲಕ್ಕ ಹೊಕ್ಕಾಳ.”

“ಹೊಲಕ್ಕ ಹೋಗಾಕಿ ತನ್ನ ಬುತ್ತಿ ಕಟ್ಟಿಕೊಂಡ ಹೋಗಬೇಕಿಲ್ಲ? ಅದರ ಕೂಡ ಮಗಳದು ಕಟ್ಟಾಕ ಆಗಂಗಿಲ್ಲೇನ?”

ನನ್ನ ಬಾಯಿಗೆ ಬಂದದ್ದು ಹಾಜರಿಯ ಮಾತು. ತಡವಾಗಿ ಸೇರಿದ್ದರಿಂದ ನನಗೆ ಹಾಜರಿ ಮೊದಲೇ ಕಡಿಮೆ ಇತ್ತು. ಇನ್ನೊಂದು ವಾರ ತಪ್ಪಿಸಿದರೂ ಪರೀಕ್ಷೆಗೆ ಕೂಡುವ ಹಾಗಿರಲಿಲ್ಲ. ವರ್ಷ ಕೆಟ್ಟರೆ ಕಾಕಾ ಏನು ಮಾಡುತ್ತಾನೆಂದು ಅವರಿಗೂ ಹೇಳಿದ್ದೆ. “ವರ್ಷ ಹೊಕ್ಕೈತ್ರಿ ಮುತ್ಯಾ” ಅಂದೆ.

“ಹೋದ್ರ ಹೋಗಲಿ. ನಾಲತವಾಡ ಗಾಡಿ ಹನ್ನೊಂದಕ್ಕ ಹೊಳ್ಳಿ ಹೊಕ್ಕೈತಿ, ಹತ್ತು.” ಡಬ್ಬಿ ನನ್ನ ಕೈಗೆ ಇಟ್ಟರು. “ನಿಮ್ಮವ್ವ ಆರಾಮ ಇದ್ಲಂದ್ರ ನಾಳಿ ಬಂದು ನನ್ನ ಬಾಯಿ ತುಂಬ ಬೈಯಿ. ಕೇಳಸ್ಕೋತೇನಿ.”

ಹತ್ತಿದೆ. ಬುತ್ತಿ ತರುತ್ತಿದ್ದ ಕಂಡಕ್ಟರನೇ ಟಿಕೆಟು ಕೊಟ್ಟ. ದಿನಾ “ಏನವಾ ನಾಲತವಾಡ” ಎಂದು ನಗುತ್ತಿದ್ದವನು ಅವತ್ತು ನನ್ನ ಮುಖ ನೋಡಲಿಲ್ಲ. ಅವನಿಗೆ ಗೊತ್ತಿತ್ತು. ಬಾಗೇವಾಡಿಯಲ್ಲಿ ಬಸ್ಸು ನಿಂತಾಗ ನಾನು ಕೇಳಬಹುದಿತ್ತು. ಕೇಳಲಿಲ್ಲ...

ಅವ್ವ ಪಡಸಾಲೆಯ ಹೊರಸಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹೊಟ್ಟೆಯಲ್ಲಿ ಗಡ್ಡೆ. ಡಾಕ್ಟರು ತಮ್ಮ ಕೈಯಲ್ಲಿ ಏನೂ ಇಲ್ಲ ಎಂದು ಮನೆಗೆ ಕಳಿಸಿದ್ದರು. ಪರೀಕ್ಷೆ ಮುಗಿಯುವವರೆಗೆ ನನಗೆ ತಿಳಿಸಕೂಡದೆಂದು ಅವಳೇ ಎಲ್ಲರಿಂದ ಆಣೆ ಮಾಡಿಸಿಕೊಂಡಿದ್ದಳು. ನನ್ನನ್ನು ನೋಡಿದವಳೇ ಸಿಟ್ಟಿಗೆದ್ದಳು. “ಯಾರು ಹೇಳಿದ್ರು ನಿನಗ?” ಅಂದಳು. ಬಸ್ ನಿಲ್ದಾಣದಲ್ಲಿ ಚೈನು ರಿಪೇರಿ ಮಾಡುವ ಮುತ್ಯಾ, ಗಂಟು ನೋಡಿ ಹೇಳಿದರು ಅಂದೆ. ಚಿಗವ್ವ ಒಳಗಿನಿಂದ, “ನಾ ಎಷ್ಟು ಚಂದ ಕಟ್ಟಿದ್ನೆವ್ವಾ” ಅಂದಳು. ಅವ್ವನಿಗೆ ನಗು ಬಂತು, ನಕ್ಕದ್ದಕ್ಕೆ ನೋವೂ ಬಂತು.

ಹದಿನಾರು ದಿನ ಅವ್ವನ ಹತ್ತಿರ ಇದ್ದೆ. ಅವಳು ಒಮ್ಮೆಯೂ ವಿಜಯಪುರ ನೋಡಿರಲಿಲ್ಲ. “ನೀ ಇರೂದು ಎಲ್ಲಿ, ತೋರಸು” ಅಂದಳು. ಹೊರಸಿನ ಪಕ್ಕದ ನೆಲದ ಮೇಲೆ ಜೋಳದ ಕಾಳು ಇಟ್ಟು ತೋರಿಸಿದೆ. ಇದು ಬಸ್ ನಿಲ್ದಾಣ, ಇದು ವಿಶ್ವವಿದ್ಯಾಲಯ, ಇದು ನನ್ನ ಖೋಲಿ. ಅವಳು ಒರಗಿಕೊಂಡು ನೋಡುತ್ತಿದ್ದಳು. “ಇಲ್ಲಿಂದ ಇಲ್ಲೀತನಕ ನಿನ್ನ ಜೋಡಿ ಯಾರು ಇರ್ತಾರ?” ಎಂದು ಬೆರಳು ತೋರಿಸಿ ಕೇಳಿದಳು. “ಭಾಳ ಹುಡುಗ್ಯಾರು ಇರ್ತಾರವ್ವ” ಅಂದೆ. ಕೊನೆಯ ದಿನಗಳಲ್ಲಿ ಮಾತು ನಿಂತಿತ್ತು. ಎಡಗೈ ಮಾತ್ರ ನನ್ನ ಕೈಯಲ್ಲಿ ಇಟ್ಟಿರುತ್ತಿದ್ದಳು. ಅದು ತಣ್ಣಗಾದಾಗಲೂ ನನ್ನ ಕೈಯಲ್ಲೇ ಇತ್ತು.

ಪರೀಕ್ಷೆಗೆ ಕೂಡಲಾಗಲಿಲ್ಲ. ವರ್ಷ ಹೋಯಿತು. ಕಾಕಾ ಮದುವೆಯ ಮಾತೆತ್ತುತ್ತಾನೆಂದು ಕಾದೆ. ಅವನು ಎತ್ತಲಿಲ್ಲ. ಮಳೆಗಾಲದ ಹೊತ್ತಿಗೆ ತಾನೇ ನನ್ನ ಪೆಟ್ಟಿಗೆ ಹೊತ್ತು ಬಸ್ಸು ಹತ್ತಿಸಿದ. “ನಿಮ್ಮವ್ವ ಹೊಸ್ತಿಲದಾಗ ನಿಂತಿದ್ದು ಕಣ್ಣ ಮುಂದ ಬರ್ತೈತಿ” ಅಂದ, ಅಷ್ಟೇ. ಮತ್ತೆ ಎರಡನೆಯ ವರ್ಷಕ್ಕೇ ಸೇರಿದೆ.

ಬಸ್ಸಿಳಿದಾಗ ಮುತ್ಯಾ ಕಂಬದ ಬುಡದಲ್ಲೇ ಇದ್ದರು. ನನ್ನನ್ನು ಕಂಡವರೇ ಕೈಯಲ್ಲಿದ್ದ ಬ್ಯಾಗು ಕೆಳಗಿಟ್ಟರು. “ಬಂದೆಲ್ಲವಾ! ಅವ್ವ ಆರಾಮ ಅದಾಳ?”

ಆರು ತಿಂಗಳಿಂದ ಮನೆಗೆ ಬಂದವರೆಲ್ಲ ಅವ್ವನ ಮಾತೆತ್ತಿ ಅಳಿಸಿ ಹೋಗಿದ್ದರು. ಈ ಊರಿನಲ್ಲಿ ನಾನು ಒಬ್ಬಳೇ ಬದುಕಬೇಕಿತ್ತು. ಬಾಯಿ ತೆರೆದರೆ ಅಲ್ಲೇ ಕುಸಿದು ಕೂಡುತ್ತೇನೆ ಅನ್ನಿಸಿತು.

“ಆರಾಮ ಅದಾಳ್ರಿ” ಅಂದೆ.

ಅವರ ಮುಖ ಅರಳಿತು. “ಹಂಗಾರ ನನ್ನ ಕಣ್ಣಿಗೆ ಚಾಳೀಸ ಬಂದೈತಿ. ಬೈಯವಾ, ಬೈಯಿ!” ಎಂದು ನಕ್ಕರು. ಆಮೇಲೆ, “ಈಗ ಎಷ್ಟನೇ ವರ್ಷ?” ಅಂದರು.

“ಎರಡನೇದರೀ. ಹೋದ ವರ್ಷ ಊರಿಗೆ ಹೋದಾಕಿ ಅಲ್ಲೇ ಉಳದೆ, ಹಾಜರಿ ಸಾಲಲಿಲ್ಲ.”

ನಗು ನಿಂತಿತು. ಬ್ಯಾಗು ಎತ್ತಿಕೊಂಡು ಚೈನು ಎಳೆದು ನೋಡತೊಡಗಿದರು. ಈಗ ಖಾನಾವಳಿ ಹಚ್ಚಿದ್ದೇನೆ, ಬುತ್ತಿ ಬರುವುದಿಲ್ಲ ಎಂದೆ. ತಲೆಯಾಡಿಸಿದರು.

ಆಮೇಲೆ ನಾನು ಆ ಕಂಬದ ಕಡೆ ಹೋಗುವುದನ್ನೇ ಬಿಟ್ಟೆ. ಊರಿಗೆ ಹೋಗುವಾಗಲೂ ನಿಲ್ದಾಣದ ಹಿಂದಿನ ಗೇಟಿನಿಂದ ಬಂದು ಬಸ್ಸು ಹತ್ತುತ್ತಿದ್ದೆ. ಹೇಳಿದ ಸುಳ್ಳನ್ನು ಮತ್ತೆ ಹೇಳುವ ಶಕ್ತಿ ನನಗಿರಲಿಲ್ಲ. ನಿಜ ಹೇಳುವುದೂ ಆಗಲಿಲ್ಲ. ಎರಡು ವರ್ಷ ಹೀಗೇ ಕಳೆದು, ಪದವಿ ಮುಗಿಸಿ ಆ ಊರು ಬಿಟ್ಟೆ. ಆಮೇಲೆ ಶಿಕ್ಷಕಿಯ ಕೆಲಸ ಸಿಕ್ಕಿತು, ಸಿಂದಗಿಗೆ ಬಂದೆ. ವಿಜಯಪುರಕ್ಕೆ ಹೋಗುವ ಕೆಲಸ ಇಲ್ಲದಿರಲಿಲ್ಲ, ಹೋದಾಗೆಲ್ಲ ಹಿಂದಿನ ಗೇಟೇ...

ಇಂಡಿಯಿಂದ ಬಂದ ಮರುವಾರ, ಭಾನುವಾರ, ಮುಂದಿನ ಗೇಟಿನಿಂದ ಹೋದೆ. ಕಂಬದ ಬುಡದಲ್ಲಿ ನಡುವಯಸ್ಸಿನ ಹೆಣ್ಣುಮಗಳೊಬ್ಬಳು ಚೈನು ಹೊಲಿಯುತ್ತಿದ್ದಳು. ಸುತ್ತ ಡಬ್ಬಿಗಳಿರಲಿಲ್ಲ. ಮುತ್ಯಾ ಎಲ್ಲಿ ಎಂದು ಕೇಳಿದೆ.

“ಅಪ್ಪ ಹೋಗಿ ಮೂರು ವರ್ಷ ಆತ್ರಿ. ನೀವ್ಯಾರು?”

ಇಲ್ಲಿ ಓದಿದವಳು, ನನ್ನ ಬುತ್ತಿ ಕಾಯುತ್ತಿದ್ದರು, ಗಂಟು ನೋಡಿಯೇ ಮನೆಯ ಸುದ್ದಿ ಹೇಳುತ್ತಿದ್ದರು ಅಂದೆ. ಅವಳು ದಾರ ಕಚ್ಚಿ ಹರಿದಳು.

“ಮೊದಲ ಹೇಳ್ತಿದ್ದ. ಆಮ್ಯಾಲ ಬಿಟ್ಟಬಿಟ್ಟ. ಯಾರು ಕೇಳಿದ್ರೂ ಹೇಳ್ತಿರಲಿಲ್ಲ. ಯಾವದೋ ಹುಡುಗೀಗೆ ನಿಮ್ಮವ್ವ ಆರಾಮಿಲ್ಲ ಅಂತ ಹೆದರಿಸಿ ಊರಿಗೆ ಕಳಿಸಿದ್ನಂತ. ನೋಡಿದ್ರ ಅವ್ವ ಗಟ್ಟಿಮುಟ್ಟು. ಆ ಹುಡುಗೀದು ವರ್ಷ ಕೆಡ್ತು, ಸಿಟ್ಟಿಗೆದ್ದು ಮಾತೂ ಬಿಟ್ಲು. ‘ಒಬ್ಬರ ಕೂಸಿನ ವರ್ಷ ಹಾಳ ಮಾಡಿದೆ’ ಅಂತ ಸಾಯೂತನಕ ಅಂತಿದ್ದ ನೋಡ್ರಿ.”

ನಾನು ಆ ಗೋಣಿತಟ್ಟಿನ ಮೇಲೆ ಕೂತುಬಿಟ್ಟೆ. ಆ ಹುಡುಗಿ ನಾನೇ ಅಂದೆ. ಎಲ್ಲವನ್ನೂ ಹೇಳಿದೆ. ಅವಳು ಸೂಜಿ ಕೆಳಗಿಟ್ಟು ಕೇಳಿದಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಫೋನು ತೆಗೆದು ತನ್ನ ಅವ್ವನಿಗೆ ಹಚ್ಚಿದಳು. “ಯವ್ವಾ, ಅಪ್ಪ ಅಂತಿದ್ನಲ್ಲ, ಆ ಹುಡುಗಿ ಬಂದಾಳ. ತಗೋ, ಮಾತಾಡು” ಎಂದು ನನ್ನ ಕೈಗೆ ಕೊಟ್ಟಳು.

ಆ ಕಡೆ ಮುದುಕಿಯ ಉಸಿರು ಕೇಳುತ್ತಿತ್ತು. ಮುತ್ಯಾ ಹೇಳಿದ್ದು ಖರೇ ಇತ್ತು, ನಮ್ಮವ್ವ ಹೋದಳು, ನಾನೇ ಅವರಿಗೆ ಸುಳ್ಳು ಹೇಳಿದೆ ಎಂದು ಹೇಗೋ ಹೇಳಿ ಮುಗಿಸಿದೆ.

ಅವರು ಕೇಳಿದರು. “ನಮ್ಮವರು ಕಳಿಸಿದ ಮ್ಯಾಲ ನಿಮ್ಮವ್ವನ ಕೂಡ ಎಷ್ಟ ದಿನಾ ಇದ್ದೆವ್ವಾ?”

“ಹದಿನಾರು ದಿನಾರೀ.”

ಅವರು ಫೋನಿನಿಂದ ಮುಖ ತಿರುಗಿಸಿದ್ದು ತಿಳಿಯಿತು. ಕಿವಿ ಮಂದವಾದವರಿಗೆ ಹೇಳುವ ಹಾಗೆ, ಆ ಮನೆಯೊಳಗೆ ಜೋರಾಗಿ ಹೇಳಿದರು. “ಕೇಳಿದ್ರೇನು? ಹದಿನಾರು ದಿನಾ ಇದ್ಲಂತ!”

ಮನೆಯಲ್ಲಿ ಅವರೊಬ್ಬರೇ ಇರುತ್ತಾರೆಂದು ಮಗಳು ಆಮೇಲೆ ಹೇಳಿದಳು.