ಮೊದಲ ಚೆಂಬು ನೀರು

ಆ ಆಯುಧಪೂಜೆಯ ಬೆಳಗನ್ನು ನಾನು ಈಗಲೂ ಮರೆತಿಲ್ಲ. ಚೀರಿದ್ದು ನನ್ನ ಅವ್ವ ಎಂದು ಗೊತ್ತಾಗಲು ನನಗೆ ಒಂದು ಗಳಿಗೆ ಬೇಕಾಯಿತು. ಅವ್ವ ಚೀರಿದ್ದನ್ನು ಅದಕ್ಕೂ ಮೊದಲು ನಾನು ಕೇಳಿಯೇ ಇರಲಿಲ್ಲ.

ಅದು ತೊಂಬತ್ತರ ದಶಕದ ಕೊನೆ. ಹಾರನಹಳ್ಳಿ ಪಕ್ಕದ ನಮ್ಮೂರಿಗೆ ತಂಗಿ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಕೂಸಿಗೆ ಇಪ್ಪತ್ತು ದಿನ. ಬಚ್ಚಲಲ್ಲಿದ್ದ ಹಂಡೆ ಒಲೆಯ ಹೊಗೆ ಕೂಸಿನ ಕಣ್ಣಿಗೆ ಆಗದು ಎಂದು ನಾನು ಹಟ ಹಿಡಿದು, ಹುಣಸೂರಿನಿಂದ ಒಬ್ಬ ಪ್ಲಂಬರನನ್ನು ಕರೆಸಿ, ಗೋಡೆಯ ಆಚೆ ಸೌದೆ ಬಾಯ್ಲರ್ ಕೂರಿಸಿದ್ದೆ. ಹೊಗೆಸೊಪ್ಪನ್ನು ಬಿಸಿಗೆ ಒಣಗಿಸುವ ಬ್ಯಾರನ್ನಿನಲ್ಲಿ ಹತ್ತು ವರ್ಷ ಬೆಂಕಿ ಕಾದವನು ನಾನು. ಬಿಸಿಯ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಿಲ್ಲ ಅನ್ನುವ ಜಂಬ ಬೇರೆ.

ಬಚ್ಚಲಿನ ಒಳಗಡೆ ಗೋಡೆಗೆ ಒಂದು ಹಿತ್ತಾಳೆ ವಾಲ್ವು. ಎಡಗಡೆಯಿಂದ ಬಾಯ್ಲರಿನ ಬಿಸಿನೀರು, ಬಲಗಡೆಯಿಂದ ತೊಟ್ಟಿಯ ತಣ್ಣೀರು, ಕೆಳಗೆ ಒಂದೇ ನಲ್ಲಿ. ವಾಲ್ವಿನ ಹಿಡಿಗೆ ಕೊಕ್ಕಿನಂಥ ಒಂದು ತುದಿ ಇತ್ತು. ಕೊಕ್ಕು ಯಾವ ಕಡೆಗೆ ತಿರುಗಿದೆಯೋ ಆ ಕಡೆಯ ನೀರು ಬರುತ್ತಿತ್ತು. ಅವ್ವನಿಗೆ ಓದು ಬರಹ ಇಲ್ಲ, ಆದರೆ ಎರಡೇ ದಿನದಲ್ಲಿ ಅದನ್ನು ಕಲಿತು ಬಂದವರಿಗೆಲ್ಲ ತೋರಿಸುತ್ತಿದ್ದಳು.

ಆವತ್ತು ಬೆಳಿಗ್ಗೆ ನಾನು ಗೋಡೆಯಾಚೆ ಒಲೆಯ ಮುಂದಿದ್ದೆ. ಒಳಗಿಂದ ಅವ್ವ ಕೂಗಿದಳು: "ಏನ್ಲಾ, ಕೊಕ್ಕು ಬಿಸಿನೀರ್ ಕಡೀಕೆ ತಿರುಗ್ಸಿದ್ರೂ ತಣ್ಣೀರೇ ಬತ್ತಾ ಅದಲ್ಲ! ಒಲೆ ಉರೀತಾ ಅದೋ ಇಲ್ವೋ?"

ನನಗೆ ಮೂಗಿನ ತುದಿಯಲ್ಲೇ ಕೋಪ. ಕೈಗೆ ಸಿಕ್ಕಷ್ಟು ಕರಟ ತುಂಬಿ ಊದಿದೆ. ಬಾಯ್ಲರ್ ಗುಳುಗುಳು ಸದ್ದು ಮಾಡತೊಡಗಿತು. ಒಳಗೆ ಮಾತ್ರ ಅದೇ ತಣ್ಣೀರು. "ನೆಟ್ಟಗೆ ತಿರುಗ್ಸವ್ವ!" ಎಂದು ನಾನು ರೇಗಿದೆ. ಅವ್ವನೂ ರೇಗಿದಳು. ಎಣ್ಣೆ ಹಚ್ಚಿದ ಕೂಸು ತಂಗಿಯ ಕೈಯಲ್ಲಿ ಅಳುತ್ತಿತ್ತು. ಕೊನೆಗೆ ಅವ್ವ ಬಕೆಟ್ಟಿನ ತಣ್ಣೀರು ಚೆಲ್ಲಿ, ಅಡುಗೆಮನೆಯಲ್ಲಿ ಕಾದಿದ್ದ ನೀರನ್ನು ಅದಕ್ಕೆ ಸುರಿದು, ಬೆರೆಸಲೆಂದು ಕೊಕ್ಕನ್ನು ತಣ್ಣೀರಿನ ಕಡೆ ತಿರುಗಿಸಿ ಬಿಟ್ಟಳು. ಬಕೆಟ್ಟಿನಿಂದ ಮೊದಲೇ ಆವಿ ಏಳುತ್ತಿದ್ದುದರಿಂದ ನಲ್ಲಿಯಿಂದ ಏನು ಬೀಳುತ್ತಿದೆ ಎಂದು ಯಾರಿಗೂ ಅನುಮಾನ ಬರಲಿಲ್ಲ.

ಅವ್ವನದು ಒಂದು ಪದ್ಧತಿ. ಮಣೆ ಮೇಲೆ ಕೂತು ಕಾಲು ಚಾಚಿ, ಮೊದಲ ಚೆಂಬು ನೀರನ್ನು ತನ್ನ ಕಾಲಿಗೇ ಹುಯ್ದುಕೊಳ್ಳುವುದು. ಆಮೇಲೆಯೇ ಕೂಸನ್ನು ಕಾಲ ಮೇಲೆ ಹಾಕಿಕೊಳ್ಳುವುದು. ಊರಿನ ಎಷ್ಟೋ ಕೂಸುಗಳಿಗೆ ಹಾಗೇ ನೀರು ಹಾಕಿದ್ದಳು. ಅವಸರ ಎಷ್ಟೇ ಇರಲಿ, ಅದನ್ನು ತಪ್ಪಿಸಿದವಳಲ್ಲ.

ಅವತ್ತೂ ತಪ್ಪಿಸಲಿಲ್ಲ.

ಚೀರಿದ ದನಿ ಕೇಳಿ ನಾನು ಓಡಿ ಒಳಗೆ ಹೋದಾಗ ಅವ್ವನ ಎರಡೂ ಮೊಣಕಾಲಿನ ಕೆಳಗೆ ಚರ್ಮ ಕೆಂಪಗಾಗಿ, ನೋಡನೋಡುತ್ತಲೇ ಬೊಬ್ಬೆ ಏಳುತ್ತಿತ್ತು. ತಂಗಿ ಕೂಸನ್ನು ಎದೆಗೆ ಅವಚಿಕೊಂಡು ಗೋಡೆಗೆ ಒರಗಿ ನಿಂತಿದ್ದಳು. ಇನ್ನೊಂದು ಗಳಿಗೆ ಆಗಿದ್ದರೆ ಆ ನೀರು ಎಲ್ಲಿ ಬೀಳುತ್ತಿತ್ತು ಎಂದು ನನಗೆ ಆಗಲೇ ಹೊಳೆಯಿತು.

ಅವ್ವನನ್ನು ಪಿರಿಯಾಪಟ್ಟಣಕ್ಕೆ ಕರೆದುಕೊಂಡು ಹೋಗಿ ಮುಲಾಮು ಹಚ್ಚಿಸಿ, ಅಲ್ಲೇ ಎಸ್‌ಟಿಡಿ ಬೂತಿನಿಂದ ಪ್ಲಂಬರನಿಗೆ ಫೋನು ಹಚ್ಚಿದೆ. ಬಾಯಿಗೆ ಬಂದಂತೆ ಬೈದೆ. ಕಳಪೆ ವಾಲ್ವು ಹಾಕಿ ನಮ್ಮ ಮನೆ ಕೂಸನ್ನು ಕೊಲ್ಲೋಕೆ ನೋಡಿದೆಯಲ್ಲೋ ಎಂದೆ. ಆತ "ಬತ್ತೀನಿ ಅಣ್ಣ," ಎಂದಷ್ಟೇ ಹೇಳಿದ.

ಮಧ್ಯಾಹ್ನದ ಬಸ್ಸಿಗೆ ಬಂದ. ಅವನು ಚೀಲ ಬಿಚ್ಚಿದಾಗ ಸ್ಪ್ಯಾನರಿನ ಮೇಲೆ ಹಸಿ ಕುಂಕುಮ, ಪೈಪ್ ರೆಂಚಿನ ಸಂದಿಯಲ್ಲಿ ಸೇವಂತಿಗೆಯ ಎಸಳು. ಪೂಜೆಗೆ ಇಟ್ಟ ಹತಾರವನ್ನು ಅವತ್ತು ಯಾರೂ ಮುಟ್ಟುವುದಿಲ್ಲ. ಆತ ಕೈಮುಗಿದು ಎತ್ತಿಕೊಂಡು ಬಂದಿದ್ದ. ಅದನ್ನು ನೋಡಿಯೂ ನನ್ನ ಸಿಟ್ಟು ಇಳಿಯಲಿಲ್ಲ.

ಅಕ್ಕಪಕ್ಕದವರು ಸೇರಿದರು. ಆತ ಎರಡೂ ಕಡೆಯ ನೀರು ಕಟ್ಟಿ, ವಾಲ್ವು ಬಿಚ್ಚಿ, ಒಳಗಿನ ತೂತಿನ ಗುಂಡನ್ನು ಹೊರಗೆ ತೆಗೆದ. ಬೆಳಕಿಗೆ ಹಿಡಿದು ನೋಡಿದ. ಕಸವಿಲ್ಲ, ಸವೆತವಿಲ್ಲ, ವಾಷರು ಹೊಸದರಂತಿತ್ತು. ಆಮೇಲೆ ಹಿಡಿಯನ್ನು ತಿರುಗಿಸಿ ನೋಡಿದ. ಕೂರಿಸುವ ದಿನವೇ ಆತ ಅರದಿಂದ ಹಿಡಿ ಕೂರುವ ಚೌಕದ ಕಡ್ಡಿಯ ಮೇಲೊಂದು, ಹಿಡಿಯ ಮೇಲೊಂದು ಗೀರು ಹಾಕಿದ್ದನಂತೆ. ಎರಡು ಗೀರೂ ಒಂದೇ ಕಡೆ ಇರಬೇಕಿತ್ತು. ಈಗ ಒಂದು ಅತ್ತ, ಒಂದು ಇತ್ತ ಇದ್ದವು.

"ಹಿಡಿ ಯಾರು ಬಿಚ್ಚಿದ್ರು?" ಎಂದ.

ನನಗೆ ಹಿಂದಿನ ಸಂಜೆ ಕಣ್ಣ ಮುಂದೆ ಬಂತು. ಆಯುಧಪೂಜೆಗೆಂದು ನೇಗಿಲು, ಸ್ಪ್ರೇಯರು, ಬ್ಯಾರನ್ನಿನ ಒಲೆ ಬಾಗಿಲು, ಸೈಕಲ್ಲು ಎಲ್ಲ ತೊಳೆದ ಮೇಲೂ ನನ್ನ ಉಮೇದು ಇಳಿದಿರಲಿಲ್ಲ. ಹಿತ್ತಾಳೆ ಹಿಡಿಯಡಿ ಕಿಲುಬು ಕಂಡಿತು. ಬಿಚ್ಚಿ, ಹುಣಸೆಹಣ್ಣು ಬೂದಿ ಹಾಕಿ ಫಳಫಳ ಉಜ್ಜಿ, ಮತ್ತೆ ಕೂರಿಸಿ, ಕುಂಕುಮ ಇಟ್ಟು, ಹೂವನ್ನೂ ಸಿಕ್ಕಿಸಿದ್ದೆ. ಚೌಕದ ಕಡ್ಡಿಗೆ ಹಿಡಿ ಯಾವ ಕಡೆಯಿಂದಲಾದರೂ ಕೂರುತ್ತದೆ ಎಂಬುದು ನನ್ನ ತಲೆಗೆ ಹೊಳೆದಿರಲೇ ಇಲ್ಲ.

ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಅಷ್ಟರಲ್ಲಿ ನಡುಮನೆಯಿಂದ ಅವ್ವನ ದನಿ ಬಂತು.

"ನಾನೇ ಕಣಪ್ಪ. ಉಜ್ಜುವಾ ಅಂತ ಬಿಚ್ಚಿದ್ದೆ. ನಮ್ಮುಡುಗ ನಿನ್ನ ಸುಮ್ಕೆ ಬೈದ್ಬುಟ್ಟ, ತಪ್ಪಾಯ್ತು. ಮನಸಿಗೆ ಆಕ್ಕೋಬ್ಯಾಡ."

ನಾನು ಬಾಯಿ ತೆರೆಯಲು ಆಗಲೂ ಹೊತ್ತಿತ್ತು. ತೆರೆಯಲಿಲ್ಲ. ನೆರೆಯವರು "ವಯಸ್ಸಾದ್ಮೇಲೆ ಸುಮ್ನಿರಾಕಿಲ್ವಾ" ಎಂದು ಅವ್ವನನ್ನೇ ಆಡಿಕೊಳ್ಳುತ್ತ ಹೋದರು.

ಪ್ಲಂಬರ್ ಹಿಡಿಯನ್ನು ಸರಿಯಾಗಿ ಕೂರಿಸಿದ. ನಾನು ಅವನನ್ನು ಬಸ್ಸಿಗೆ ಬಿಡಲು ಹೋದೆ. ಹತ್ತುವ ಮುಂಚೆ ಆತ ಮೆಲ್ಲಗೆ, "ಆ ಹಿಡಿ ನಟ್ಟು ವಯಸ್ಸಾದವರ ಕೈಗೆ ಬಗ್ಗಾದಲ್ಲ ಅಣ್ಣ. ನಾನೇ ಬಿಗಿದಿದ್ದು," ಎಂದ. ನನ್ನ ಮುಖವನ್ನೂ ನೋಡದೆ ಬಸ್ಸು ಹತ್ತಿದ.

ಮನೆಗೆ ಬಂದು ಅವ್ವನ ಕಾಲ ಬಳಿ ಕೂತೆ. "ಬಿಚ್ಚಿದ್ದು ನಾನು ಕಣವ್ವ," ಎಂದೆ.

"ನಂಗೊತ್ತಿಲ್ವಾ? ಸ್ಪ್ಯಾನರ್ ತಕ್ಕೊಟ್ಟೋಳು ನಾನೇ ಅಲ್ವೇನ್ಲಾ," ಎಂದಳು. ನಾನು ಅಳತೊಡಗಿದ್ದನ್ನು ನೋಡಿ, "ಬುಡು ಅತ್ಲಾಗೆ, ಕೂಸಿಗೇನೂ ಆಗ್ಲಿಲ್ವಲ್ಲ," ಎಂದು ಗೋಡೆ ಕಡೆ ಮಗ್ಗುಲಾದಳು.

ಮಾರನೆಯ ದಿನವೇ ಅಕ್ಕಪಕ್ಕದ ಮನೆಗಳಿಗೆ ಹೋಗಿ ನಿಜ ಹೇಳಿದೆ. ಅವರು ನಂಬಲಿಲ್ಲ, ಅವ್ವನ ಮಾನ ಉಳಿಸಲು ಸುಳ್ಳು ಹೇಳುತ್ತಿದ್ದಾನೆ ಅಂದುಕೊಂಡರು.

ತಿರುಗಿ ಬಂದಾಗ ಬಚ್ಚಲಲ್ಲಿ ಅವ್ವನ ಬದಲು ತಂಗಿಯೇ ಕೂಸಿಗೆ ನೀರು ಹಾಕಲೆಂದು ಮಣೆ ಮೇಲೆ ಕೂತಿದ್ದಳು. ಕೂಸು ಇನ್ನೂ ಮಂಚದಲ್ಲಿ ಅವ್ವನ ಪಕ್ಕದಲ್ಲಿತ್ತು. ನಾನು ಪಂಚೆ ಮೇಲೆ ಕಟ್ಟಿ ಅವಳ ಎದುರು ಕಾಲು ಚಾಚಿ ಕೂತೆ.

"ಇದೇನಣ್ಣ?" ಎಂದಳು.

"ಮೊದ್ಲ ಚೆಂಬು ನಂಗ್ ಉಯ್ಯಿ," ಎಂದೆ.