ಖುರ್ಷಿದ್ ಮೇಡಂ ತಿದ್ದಿಸಿದ ಪ್ರತಿ

ನಾನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರೆ ಒಳಗಿನ ಮಾತು ನಿಂತುಬಿಡುತ್ತದೆ. ಮದುವೆಯಿರಲಿ, ನಾಮಕರಣವಿರಲಿ, ಎಲ್ಲಿ ಹೋದರೂ ಇದೇ ಹಣೆಬರಹ. ಹೋಳಿಗೆ ಲಟ್ಟಿಸುತ್ತಾ ಯಾರದೋ ಸೊಸೆಯ ವಿಚಾರವನ್ನು ರಸವತ್ತಾಗಿ ಎಳೆಯುತ್ತಿದ್ದವರು ನನ್ನನ್ನು ಕಂಡ ಕೂಡಲೇ ಏಲಕ್ಕಿ ಎಷ್ಟು ಹಾಕಬೇಕು ಎಂಬ ಚರ್ಚೆಗೆ ಇಳಿಯುತ್ತಾರೆ. ನನ್ನ ಓರಗಿತ್ತಿಗೆ ಅಷ್ಟು ನಾಜೂಕೂ ಇಲ್ಲ. ಅವಳ ಮುಂದೆ ಹುಷಾರಾಗಿರಿ, ನಾಳೆ ಪುಸ್ತಕದಲ್ಲಿ ಬರುತ್ತೆ ಎಂದು ನನಗೆ ಕೇಳಿಸುವಂತೆಯೇ ಹೇಳುತ್ತಾಳೆ. ಮೂರು ಕಾದಂಬರಿ ಬರೆದ ತಪ್ಪಿಗೆ ನನಗೆ ಊರಿನ ಸುದ್ದಿಯೇ ಬಂದ್ ಆಗಿದೆ.

ಇನ್ನೊಂದು ಪಂಗಡದವರು ಇದಕ್ಕೆ ಪೂರ್ತಿ ವಿರುದ್ಧ. ತಮ್ಮ ಜೀವನವೇ ಒಂದು ಕಾದಂಬರಿ, ಬರೆಯುವವರು ಸಿಕ್ಕಿಲ್ಲ ಅಷ್ಟೆ ಎಂದು ನಂಬಿದವರು. ಬೈಯಪ್ಪನಹಳ್ಳಿಯಲ್ಲಿ ಮೆಟ್ರೋ ಹತ್ತಿದ ಒಬ್ಬರು, ಹಲಸೂರು ಬರುವಷ್ಟರಲ್ಲಿ ತಮ್ಮ ಅತ್ತೆಯ ನಲವತ್ತು ವರ್ಷದ ದಬ್ಬಾಳಿಕೆಯನ್ನು ನನಗೆ ಒಪ್ಪಿಸಿ, ಹೆಸರು ಮಾತ್ರ ಬದಲಾಯಿಸಿ ಎಂದು ಹೇಳಿ ಇಳಿದುಹೋದರು. ಆ ಅತ್ತೆ ಈಗಲೂ ನನ್ನ ತಲೆಯಲ್ಲಿ ಜಾಗ ಖಾಲಿ ಮಾಡದೆ ಕೂತಿದ್ದಾರೆ. ಅವರಿಂದ ನನಗೆ ಒಂದು ಸಾಲೂ ಹುಟ್ಟಿಲ್ಲ.

ಮೂರನೆಯವರು ಇನ್ನೂ ಕಷ್ಟ. ನನ್ನ ಎರಡನೆಯ ಕಾದಂಬರಿಯಲ್ಲಿ ಒಬ್ಬ ಜಿಪುಣ ಅಧಿಕಾರಿ ಬರುತ್ತಾನೆ. ನಾನು ಕೆಲಸ ಮಾಡಿದ ವಿಮಾ ಕಚೇರಿಯ ಮೂವರು, ಅದು ತಾವೇ ಎಂದು ತಿಳಿದು ನನ್ನೊಡನೆ ಮಾತು ಬಿಟ್ಟರು. ನಾನು ಬರೆದದ್ದು ನಾಲ್ಕನೆಯವರ ಮೇಲೆ. ಅವರು ಪುಸ್ತಕ ಓದಿ, ಪ್ರಪಂಚದಲ್ಲಿ ಇಂಥವರೂ ಇರುತ್ತಾರಲ್ಲ ಎಂದು ಬಹಳ ನೊಂದುಕೊಂಡರು.

ಕಾದಂಬರಿಯ ಮೊದಲ ಪುಟದಲ್ಲಿ ನಾವೆಲ್ಲ ಒಂದು ಸಾಲು ಹಾಕುತ್ತೇವೆ: ಪಾತ್ರಗಳು ಕಲ್ಪಿತ, ಹೋಲಿಕೆ ಕಂಡುಬಂದರೆ ಅದು ಕೇವಲ ಕಾಕತಾಳೀಯ. ಕಾಕ ಎಂದರೆ ಕಾಗೆ, ತಾಲ ಎಂದರೆ ತಾಳೆಮರ. ಕಾಗೆ ಬಂದು ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಸರಿಹೋಯಿತು, ಒಂದಕ್ಕೊಂದು ಸಂಬಂಧವಿಲ್ಲ ಎನ್ನುವುದು ನ್ಯಾಯ. ನನ್ನ ವಿಷಯದಲ್ಲಿ ಹೇಳುವುದಾದರೆ ಕಾಗೆಯನ್ನು ಹಿಡಿದು ತಂದವಳು ನಾನು, ಮರದ ಮೇಲೆ ಕೂರಿಸಿದವಳು ನಾನು, ಮರ ಅಲುಗಾಡಿಸಿದವಳೂ ನಾನೇ. ಹಣ್ಣು ಯಾರ ತಲೆಯ ಮೇಲೆ ಬಿತ್ತು ಎನ್ನುವುದನ್ನು ಮಾತ್ರ ಬಹಳ ಕಾಲ ತಿರುಗಿ ನೋಡಿರಲಿಲ್ಲ.

ಅದು ಬಿದ್ದದ್ದು ಖುರ್ಷಿದ್ ಮೇಡಂ ಮನೆಯ ಮೇಲೆ.

ನಾನಿರುವುದು ಕಾಕ್ಸ್ ಟೌನಿನಲ್ಲಿ. ಸರ್ಕಾರದ ಕಾಗದಗಳಲ್ಲಿ ಅದು ಸರ್ವಜ್ಞನಗರ. ಅಲ್ಲಿ ಮೂವತ್ತೈದು ವರ್ಷ ಇದ್ದೂ ಏನೂ ತಿಳಿಯದೆ ಉಳಿದವಳು ಬಹುಶಃ ನಾನೊಬ್ಬಳೇ. ಖುರ್ಷಿದ್ ಮೇಡಂ ಇರುವುದು ಪಕ್ಕದ ಫ್ರೇಜರ್ ಟೌನಿನಲ್ಲಿ, ಮಾಸ್ಕ್ ರಸ್ತೆಯ ಹಿಂದಿನ ಒಂದು ಗಲ್ಲಿಯಲ್ಲಿ. ನನಗೆ ಹತ್ತೊಂಬತ್ತು ವರ್ಷವಾಗಿದ್ದಾಗ ಅವರ ಮನೆಯ ಮುಂದಿನ ಕೋಣೆಯಲ್ಲಿ ಆರು ಯಂತ್ರಗಳ ಟೈಪಿಂಗ್ ಶಾಲೆ ಇತ್ತು. ಕೀಲಿ ನೋಡದೆ ಹೊಡೆಯುವುದನ್ನು ಕಲಿಸಲು ಅವರು ನಮ್ಮ ಬೆರಳುಗಳ ಮೇಲೆ ಕರವಸ್ತ್ರ ಹಾಸುತ್ತಿದ್ದರು. ಕೈ ನೋಡುವಂತಿಲ್ಲ, ಹಾಗಾಗಿ ನಾವೆಲ್ಲ ಅವರ ಮುಖ ನೋಡುತ್ತಿದ್ದೆವು. ಮೂವತ್ತೈದರ ಚೆಲುವಾದ ಮುಖ. ಮದುವೆಯಾಗಿರಲಿಲ್ಲ. ಯಾರಾದರೂ ಒಂದು ಪುಟವನ್ನು ತಪ್ಪಿಲ್ಲದೆ ಹೊಡೆದರೆ, ಪರವಾಗಿಲ್ಲ, ಮನುಷ್ಯರು ಮಾಡಿದ ಹಾಗಿದೆ ಎನ್ನುತ್ತಿದ್ದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಸಂಜೆ ನಾಲ್ಕಾಗುತ್ತಿದ್ದಂತೆ ಅವರ ಕಣ್ಣು ಕಿಟಕಿಯ ಕಡೆ ಹೋಗುತ್ತಿತ್ತು. ಐದು ನಿಮಿಷ, ಹತ್ತು ನಿಮಿಷ, ನಮ್ಮ ತಪ್ಪುಗಳೂ ಕಿವಿಗೆ ಬೀಳುತ್ತಿರಲಿಲ್ಲ. ಹತ್ತೊಂಬತ್ತು ವರ್ಷದ ಹುಡುಗಿಯರಿಗೆ ಅಷ್ಟು ಸಾಲದೆ? ಯಾರೋ ಬರುತ್ತೇನೆಂದು ಹೇಳಿ ಹೋದವನಿದ್ದಾನೆ, ಅವನಿಗಾಗಿ ಕಾಯುತ್ತಿದ್ದಾರೆ ಎಂದು ನಾವು ತೀರ್ಮಾನಿಸಿಬಿಟ್ಟಿದ್ದೆವು.

ಆ ಕಿಟಕಿಯ ಮೇಲೆ ಮೂರು ದಶಕದ ನಂತರ ನಾನು ಮುನ್ನೂರು ಪುಟದ ಕಾದಂಬರಿ ಕಟ್ಟಿದೆ. ಖುರ್ಷಿದ್‌ರನ್ನು ನಸೀಮಾ ಮಾಡಿದೆ. ಫ್ರೇಜರ್ ಟೌನನ್ನು ಮೈಸೂರು ಮಾಡಿದೆ, ಟೈಪಿಂಗನ್ನು ಹೊಲಿಗೆ ಮಾಡಿದೆ. ನಸೀಮಾ ಒಬ್ಬನಿಗಾಗಿ ಕಿಟಕಿಯಲ್ಲಿ ಕಾಯುತ್ತಾಳೆ, ಅವನ ಕಾಗದಗಳನ್ನು ಅವಳ ತಾಯಿ ಗುಟ್ಟಾಗಿ ಹರಿದು ಒಲೆಗೆ ಹಾಕುತ್ತಾಳೆ. ಕತೆ ಅಷ್ಟೆ. ನಾನು ಬಹಳ ಅತ್ತುಕೊಂಡು ಬರೆದೆ. ಖುರ್ಷಿದ್ ಮೇಡಂಗೆ ಹೇಳಬೇಕೆಂದು ಹೊಳೆಯಲಿಲ್ಲ. ಅವರಿಗೆ ಉರ್ದು, ಇಂಗ್ಲಿಷ್ ಓದಲು ಬರುತ್ತದೆ. ಕನ್ನಡ ಆಡಲು ಮಾತ್ರ. ಇದು ನನಗೆ ಎಷ್ಟು ಅನುಕೂಲವಾಗಿತ್ತು ಎನ್ನುವುದನ್ನು ಒಪ್ಪಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಹೋದ ವರ್ಷ ಅವರ ತಮ್ಮನ ಮಗಳು ಸಬೀಹಾ ಫೋನ್ ಮಾಡಿದಳು. ಶಾಲೆಯಲ್ಲಿ ಕನ್ನಡ ಪಾಠ ಮಾಡುವವಳು. ಶಾಲೆಯ ಲೈಬ್ರರಿಯಲ್ಲಿ ನನ್ನ ಪುಸ್ತಕ ಸಿಕ್ಕಿತಂತೆ. ಅರ್ಧಕ್ಕೆ ಬಂದಾಗ ಹೊಲಿಗೆ ಟೀಚರು ಒಂದು ಹುಡುಗಿಗೆ, ಪರವಾಗಿಲ್ಲ, ಮನುಷ್ಯರು ಮಾಡಿದ ಹಾಗಿದೆ ಎನ್ನುತ್ತಾಳೆ. ಅದು ತನ್ನ ಸೋದರತ್ತೆಯ ಮಾತೇ ಎಂದು ಅವಳಿಗೆ ಗೊತ್ತಾಯಿತಂತೆ. ಅತ್ತೆಗೆ ಹೇಳಿದ್ದಾಳೆ. ಅತ್ತೆ ಸಿಟ್ಟಾಗಲಿಲ್ಲ. ಬರೆದವಳೇ ಬಂದು ಓದಿ ಹೇಳಲಿ ಎಂದರಂತೆ.

ಹಾಗೆ ನಾನು ಗುರುವಾರ ಗುರುವಾರ ಬೆಳಗ್ಗೆ ಹನ್ನೊಂದಕ್ಕೆ ಆ ಗಲ್ಲಿಗೆ ಹೋಗತೊಡಗಿದೆ. ಮೇಡಂಗೆ ಈಗ ಎಪ್ಪತ್ತೆಂಟು. ಯಂತ್ರಗಳೆಲ್ಲ ಹೋಗಿವೆ, ಕೋಣೆ ಇದೆ. ಅವರು ಚಹಾ ಕೊಡುತ್ತಿದ್ದರು, ಸಬೀಹಾ ಕೊಂಡುತಂದ ಪ್ರತಿಯನ್ನು ಮುಂದಿಡುತ್ತಿದ್ದರು, ಓದು ಎನ್ನುತ್ತಿದ್ದರು. ನೀನು ಬರೆದ ಪುಸ್ತಕವನ್ನು, ನೀನು ಯಾರ ಮೇಲೆ ಬರೆದೆಯೋ ಅವರ ಎದುರು ಕೂತು ಗಟ್ಟಿಯಾಗಿ ಓದಬೇಕು ಎನ್ನುವ ಶಿಕ್ಷೆಯನ್ನು ಗರುಡ ಪುರಾಣದವರು ಯಾಕೆ ಬಿಟ್ಟರೋ ತಿಳಿಯದು. ನಾನೇ ಮೆಚ್ಚಿಕೊಂಡಿದ್ದ ವಾಕ್ಯಗಳು ಬಾಯಿಂದ ಹೊರಗೆ ಬರುವಾಗ ಬಾಡಿಗೆಗೆ ತಂದ ಒಡವೆಯ ಹಾಗೆ ಕಾಣುತ್ತಿದ್ದವು.

ಕಿಟಕಿಯ ಅಧ್ಯಾಯ ಬಂದ ದಿನ ಅವರು ಕೈಯೆತ್ತಿ ನಿಲ್ಲಿಸಿದರು. ಇವಳು ಏನು ನೋಡುತ್ತಿದ್ದಾಳೆ ಎಂದು ಕೇಳಿದರು. ಹೇಳಿದೆ. ನನ್ನ ಮುಖ ನೋಡಿ ನಗಲು ಶುರುಮಾಡಿದರು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು.

"ಅರೆ, ಎದುರಿಗೆ ಬೇಕರಿ ಇತ್ತಲ್ಲ, ನಾಲ್ಕ್ ಗಂಟೆಗೆ ಬಿಸಿ ಬನ್ ತೆಗೀತಿದ್ರು. ಬನ್ ರೆಡಿ ಅಂತ ಬೋರ್ಡ್ ತಿರುಗಿಸ್ತಾರಾ ಅಂತ ನೋಡ್ತಿದ್ದೆ ಕಣೆ. ಮಧ್ಯಾಹ್ನ ಊಟ ಮಾಡ್ತಿರ್ಲಿಲ್ಲ ನಾನು, ನಿಮ್ ಬ್ಯಾಚ್ ಮುಗೀತಾನೇ ಇರ್ಲಿಲ್ಲ."

ಮದುವೆಯ ವಿಷಯವನ್ನೂ ಅವರೇ ಹೇಳಿದರು. ಒಂದು ಸಂಬಂಧ ಬಂದಿತ್ತು. ಹುಡುಗನಿಗೆ ಶಿವಾಜಿನಗರದಲ್ಲಿ ಬಟ್ಟೆಯಂಗಡಿ. ಶಾಲೆ ಮುಚ್ಚಬೇಕು ಎಂದ. ಇವರು ಬೇಡ ಎಂದರು. ಮುಗಿಯಿತು. ಯಾರೂ ಕಾಯಲಿಲ್ಲ, ಯಾರೂ ಅಳಲಿಲ್ಲ. ನಾನೂ ನಕ್ಕೆ. ಮುನ್ನೂರು ಪುಟದ ವಿರಹ ಒಂದು ಬನ್ನಿನ ಮೇಲೆ ನಿಂತಿತ್ತು ಎಂದು ತಿಳಿದರೆ ಯಾವ ಲೇಖಕಿಯಾದರೂ ನಗದೆ ಇನ್ನೇನು ಮಾಡಿಯಾಳು? ಆದರೆ ಒಳಗೆ ಹೆದರಿಕೆ ಹತ್ತಿತು, ಏಕೆಂದರೆ ಮುಂದಿನ ವಾರ ತಾಯಿಯ ಅಧ್ಯಾಯಗಳಿದ್ದವು.

ಆ ವಾರ ನಾನು ಪುಟ ಹಾರಿಸಿದೆ. ಹೇಗೂ ಪುಸ್ತಕದ ಕನ್ನಡವನ್ನು ಮಾತಿನ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದೆ. ತಾಯಿ ಕಾಗದ ಹರಿಯುವುದನ್ನು ಬಿಟ್ಟೆ, ಮಗಳನ್ನು ಕೋಣೆಯಲ್ಲಿ ಕೂಡಿಹಾಕುವುದನ್ನು ಬಿಟ್ಟೆ. ತಾಯಿಗೆ ಕಾಯಿಲೆ ಎಂದು ಸ್ಥಳದಲ್ಲೇ ಒಂದು ಜ್ವರ ಹುಟ್ಟಿಸಿ ಅವಳನ್ನು ಮಂಚಕ್ಕೆ ಹತ್ತಿಸಿದೆ. ಮೇಡಂ ಚಹಾ ಕುಡಿಯುತ್ತಾ ಕೇಳಿಸಿಕೊಂಡರು.

ಮುಂದಿನ ಗುರುವಾರ ಚಹಾ ಇರಲಿಲ್ಲ. ಪುಸ್ತಕ ಮೇಜಿನ ಮೇಲೆ ತೆರೆದಿತ್ತು. ಒಂದು ಪುಟಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಟೈಪಿಂಗ್ ಕಲಿಸಿದವಳಿಗೆ ನೀನು ಹೇಳಿಕೊಡಬೇಕಾ ಎಂದು ಕೇಳಿದರು. ನಾನು ಹಾರಿಸಿದ ಇಪ್ಪತ್ತೆರಡು ಪುಟಗಳನ್ನು ಸಬೀಹಾಳಿಂದ ಓದಿಸಿಕೊಂಡಿದ್ದರು. ದನಿ ಎತ್ತರಿಸಲಿಲ್ಲ.

"ನನ್ ಮೇಲೆ ಏನ್ ಬೇಕಾದ್ರೂ ಬರ್ಕೋ. ನಾನ್ ಇನ್ನೂ ಇದೀನಿ, ಹಂಗಲ್ಲ ಅಂತ ಹೇಳೋಕೆ ಬಾಯಿದೆ. ಅಮ್ಮಿ ಏನ್ ಮಾಡಿದ್ರು ನಿಂಗೆ?"

ಅದು ಕಾದಂಬರಿ, ಆ ತಾಯಿ ನಿಮ್ಮ ತಾಯಿಯಲ್ಲ, ಕತೆ ನಡೆಯಬೇಕಾದರೆ ಯಾರಾದರೂ ಅಡ್ಡ ಬರಬೇಕಾಗುತ್ತದೆ ಎಂದೆಲ್ಲ ಹೇಳಿದೆ. ಸಭೆಗಳಲ್ಲಿ ಇದೇ ಮಾತಿಗೆ ಜನ ತಲೆದೂಗಿದ್ದಾರೆ. ಅಡ್ಡ ಬರುವವರು ಬೇಕಿದ್ದರೆ ಬೇರೆ ಯಾರನ್ನಾದರೂ ಹಾಕಬಹುದಿತ್ತಲ್ಲ ಎಂದರು ಮೇಡಂ. ಅವರ ತಾಯಿಯನ್ನು ನಾನು ಕಂಡದ್ದೆಷ್ಟು? ಒಮ್ಮೆ ಬಾಗಿಲಲ್ಲಿ ನಿಂತು, ಚಪ್ಪಲಿಗಳನ್ನು ಸಾಲಾಗಿ ಬಿಡಬಾರದೇ ಎಂದು ನಮ್ಮನ್ನು ಗದರಿದ್ದರು. ಆ ಒಂದು ಗದರಿಕೆಯಿಂದ ನಾನೊಬ್ಬ ರಾಕ್ಷಸಿಯನ್ನು ಬೆಳೆಸಿದ್ದೆ.

ಆಮೇಲೆ ಅವರು ಅಮ್ಮಿಯ ಬಗ್ಗೆ ಹೇಳಿದರು. ಮೊದಲ ಯಂತ್ರವನ್ನು ಶಿವಾಜಿನಗರದಲ್ಲಿ ಯಾರೋ ಹಳೆಯದನ್ನು ಮಾರುತ್ತಿದ್ದವರಿಂದ ತಂದದ್ದು ಅಮ್ಮಿ. ಜಟಕಾ ಕುಲುಕಿದರೆ ಕೆಟ್ಟೀತೆಂದು ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಮೇಲೆ ಬುರ್ಖಾ ಹೊದಿಸಿ, ಮಗು ಎತ್ತಿಕೊಂಡ ಹಾಗೆ ಕೂತು ಬಂದರಂತೆ. ತೊಡೆಯ ಮೇಲೆ ಯಂತ್ರದ ಕಾಲಿನ ನಾಲ್ಕು ಗುರುತು ವಾರವಿಡೀ ನೀಲಿಯಾಗಿ ಉಳಿದಿತ್ತಂತೆ. ಬಟ್ಟೆಯಂಗಡಿಯ ಸಂಬಂಧ ಬೇಡವೆಂದಾಗ ಮನೆಯ ಹಿರಿಯರೆಲ್ಲ ಬಂದು ಕೂತರು. ಅಮ್ಮಿ ಒಳಗಿನಿಂದಲೇ, ಓದಿದ ಹುಡುಗಿ, ಅವಳು ಬೇಡ ಅಂದರೆ ಬೇಡ ಎಂದರಂತೆ. ಇದನ್ನು ಹೇಳಿ ಮೇಡಂ ಎದ್ದು ಒಳಗೆ ಹೋದರು. ನಾನು ಕೋಲ್ಸ್ ಪಾರ್ಕಿನವರೆಗೆ ನಡೆದು ಒಂದು ಬೆಂಚಿನ ಮೇಲೆ ಕೂತೆ.

ಮರುದಿನ ಪ್ರಕಾಶಕರಿಗೆ ಫೋನ್ ಮಾಡಿ, ಎರಡನೆಯ ಮುದ್ರಣದಲ್ಲಿ ಕೆಲವು ಅಧ್ಯಾಯ ಬದಲಾಯಿಸಬೇಕು ಎಂದೆ. ಅವರು ಒಳ್ಳೆಯ ಮನುಷ್ಯರು, ನಗಲಿಲ್ಲ. ಮೊದಲ ಮುದ್ರಣವೇ ಗೋದಾಮಿನಲ್ಲಿ ಮಲಗಿದೆ ಮೇಡಂ, ಎಬ್ಬಿಸೋದು ಬೇಡ ಎಂದರು.

ಎರಡು ಗುರುವಾರ ಹೋಗಲಿಲ್ಲ. ಮೂರನೆಯದಕ್ಕೆ ಹೋದೆ. ಬಾಗಿಲಲ್ಲೇ ನಿಂತು ಪ್ರಕಾಶಕರ ಮಾತನ್ನು ಹೇಳಿ, ಕ್ಷಮೆ ಕೇಳಿದೆ. ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

"ಊರಲ್ಲಿರೋ ಬುಕ್ ಎಲ್ಲಾ ನಂಗೆ ಬೇಡ. ಈ ಮನೇಲಿರೋದನ್ನ ತಿದ್ದು. ನಮ್ ಕ್ಲಾಸಲ್ಲಿ ಒಂದ್ ತಪ್ಪಿಗೆ ಪೂರಾ ಶೀಟ್ ಮತ್ತೆ ಹೊಡೀಬೇಕಿತ್ತು. ನಿಂಗೆ ಬರೀ ಗೀಚೋಕೆ ಹೇಳ್ತಿದೀನಿ."

ಆರು ಗುರುವಾರ ಹಿಡಿಯಿತು. ನೀಲಿ ಪೆನ್ನಿನಲ್ಲಿ ಸಾಲು ಹೊಡೆದು, ಅಂಚಿನಲ್ಲಿ ಹೊಸ ಸಾಲು ಬರೆದೆ. ಜಾಗ ಸಾಲದ ಕಡೆ ಚೀಟಿ ಅಂಟಿಸಿದೆ. ಈಗ ಆ ಪ್ರತಿಯಲ್ಲಿ ತಾಯಿ ಕಾಗದ ಹರಿಯುವುದಿಲ್ಲ. ಮಗಳ ಕೈಗೇ ಕೊಟ್ಟು, ಓದಿ ನೋಡು, ನಿನಗೆ ಬಿಟ್ಟದ್ದು ಎನ್ನುತ್ತಾಳೆ. ಇದರಿಂದ ಕಾದಂಬರಿ ಪೂರ್ತಿ ಕೆಟ್ಟಿತು. ತಾಯಿ ಒಳ್ಳೆಯವಳಾದ ಮೇಲೆ ನಸೀಮಾ ಯಾಕೆ ಕಾಯಬೇಕು, ಇಡೀ ಎರಡನೆಯ ಭಾಗ ಯಾಕೆ ಇರಬೇಕು, ಒಂದಕ್ಕೂ ಕಾರಣ ಉಳಿಯಲಿಲ್ಲ. ಕಸುಬು ಬಲ್ಲ ಯಾರಾದರೂ ನೋಡಿದರೆ ನನ್ನ ಮೇಲೆ ಮರುಕಪಟ್ಟಾರು. ಆದರೂ ತೊಡೆಯ ಮೇಲಿನ ಆ ನಾಲ್ಕು ನೀಲಿ ಗುರುತುಗಳನ್ನು ಅಂಚಿನಲ್ಲಿ ಬರೆಯುವಾಗ, ಇಷ್ಟು ಒಳ್ಳೆಯ ವಿವರ ಆ ಮುನ್ನೂರು ಪುಟಗಳಲ್ಲಿ ಒಂದೂ ಇಲ್ಲವಲ್ಲ ಎನ್ನಿಸಿತು. ಕೇಳಿದ್ದರೆ ಸಿಗುತ್ತಿತ್ತು. ನಾನು ಕೇಳಿರಲಿಲ್ಲ. ಊಹಿಸುವುದನ್ನೇ ಪ್ರತಿಭೆ ಎಂದು ತಿಳಿದಿದ್ದೆ.

ಕೊನೆಯ ಗುರುವಾರ ಒಂದೇ ತಿದ್ದುಪಡಿ ಉಳಿದಿತ್ತು, ಅದನ್ನು ನಾನಾಗಿಯೇ ಎತ್ತಿದೆ. ಗುರುತು ಸಿಗದಿರಲಿ ಎಂದು ನಸೀಮಾಳಿಗೆ ಎಡಗಾಲು ಸ್ವಲ್ಪ ಕುಂಟುವ ಹಾಗೆ ಮಾಡಿದ್ದೆ. ಮೇಡಂ ಕಾಲು ಇವತ್ತಿಗೂ ಗಟ್ಟಿ. ಇದನ್ನೂ ತೆಗೆದುಬಿಡುತ್ತೇನೆ, ಎಲ್ಲೆಲ್ಲಿ ಬರುತ್ತದೆ ಎಂದು ಗುರುತು ಮಾಡಿಕೊಂಡು ಬಂದಿದ್ದೇನೆ ಎಂದೆ. ಅವರು ಯೋಚಿಸಿದರು.

"ಅದು ಇರ್ಲಿ ಬಿಡು. ಅದು ನಂದಲ್ವಲ್ಲ, ಅವಳ್ದು. ಪಾಪ, ಅಷ್ಟು ದೂರ ಕುಂಟ್ಕೊಂಡೇ ಬಂದಿದಾಳೆ. ಈಗ ಕಿತ್ಕೊಂಡ್ರೆ ಅವಳು ಯಾರು ಅಂತ ಅವಳಿಗೇ ಗೊತ್ತಾಗಲ್ಲ."

ನಿಜದ ಮನುಷ್ಯರು ಎಲ್ಲಿ ಮುಗಿಯುತ್ತಾರೆ, ಪಾತ್ರ ಎಲ್ಲಿ ಶುರುವಾಗುತ್ತದೆ ಎಂದು ಎಷ್ಟೋ ವಿಚಾರಸಂಕಿರಣಗಳಲ್ಲಿ ಕೂತು ಕೇಳಿ ದಣಿದಿದ್ದೇನೆ. ಒಂದೆರಡರಲ್ಲಿ ನಾನೇ ಮಾತಾಡಿ ಬೇರೆಯವರನ್ನೂ ದಣಿಸಿದ್ದೇನೆ. ಕನ್ನಡ ಓದಲು ಬಾರದ ಖುರ್ಷಿದ್ ಮೇಡಂ ಆ ಗೆರೆಯನ್ನು ಸರಿಯಾಗಿ ಎಡಗಾಲಿನ ಕಣಕಾಲಿನ ಹತ್ತಿರ ಎಳೆದರು. ನಾನು ಪೆನ್ನಿನ ಮುಚ್ಚಳ ಹಾಕಿದೆ.