ಕರೆಂಟು ಹೋಗದ ದೇಶದಲ್ಲಿ ಜನರೇಟರ್

ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ನನ್ನ ಕೆಲಸ ಹೋದ ವಾರವೇ ನನ್ನ ಹೆಂಡತಿ ಮನೆ ಖಾಲಿ ಮಾಡಲು ಶುರುಮಾಡಿದಳು. ಅಥವಾ ಅವಳು ಶುರುಮಾಡಿದ ಮೇಲೆ ನನ್ನ ಕೆಲಸ ಹೋಯಿತೋ ಏನೋ. ನನಗೆ ಮೊದಲನೆಯದು ನೆನಪು, ಅವಳು ಎರಡನೆಯದೇ ಸರಿ ಎನ್ನುತ್ತಾಳೆ. ನನ್ನ ನೆನಪಿನ ಮೇಲೆ ನನಗೇ ಅಂಥ ಗೌರವ ಇಲ್ಲದ್ದರಿಂದ ನಾನು ವಾದಕ್ಕಿಳಿಯುವುದಿಲ್ಲ.

ಡೀಸೆಲ್ ಎಂಜಿನ್ನಿನೊಳಗೆ ಇಂಧನ ಹೇಗೆ ಉರಿಯುತ್ತದೆ ಎಂಬುದರ ಮೇಲೆ ಇಲ್ಲಿ ಡಾಕ್ಟರೇಟ್ ಮಾಡಿದವನು ನಾನು. ಪ್ರಬಂಧ ಮುಗಿಯುವ ಹೊತ್ತಿಗೆ ಇಡೀ ಊರು ಬ್ಯಾಟರಿ ಕಾರಿನ ಭಜನೆ ಹಿಡಿದಿತ್ತು. ಒಂದು ಎಂಜಿನ್ ಕಂಪನಿಯಲ್ಲಿ ಇನ್ನೂ ಕೆಲವು ವರ್ಷ ತಳ್ಳಿದ್ದಾಯಿತು, ಆಮೇಲೆ ನಮ್ಮ ವಿಭಾಗವನ್ನೇ ಮುಚ್ಚಿದರು. ವರ್ಕ್ ಪರ್ಮಿಟ್ಟಿನ ಪ್ರಕಾರ ಮೂರು ತಿಂಗಳೊಳಗೆ ಇನ್ನೊಂದು ಕೆಲಸ ಹಿಡಿಯಬೇಕು. ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು.

ಹೆಂಡತಿಯ ತರ್ಕ ಸರಳವಾಗಿತ್ತು. "ಕೆಲ್ಸ ಸಿಕ್ರೆ ಇನ್ನೊಂದು ಊರಿಗೆ ಹೋಗ್ಬೇಕಾಗತ್ತೆ. ಸಿಗ್ಲಿಲ್ಲ ಅಂದ್ರೆ ಬೆಂಗ್ಳೂರಿಗೆ. ಎರಡಕ್ಕೂ ಈ ಕಸ ಬೇಡ."

ಕಸ ಎಂದರೆ ಸಮ್ಮೇಳನಗಳಲ್ಲಿ ಪುಕ್ಕಟೆ ಸಿಕ್ಕ ಚೀಲಗಳು, ತೊಳೆದಿಟ್ಟ ಐಸ್‌ಕ್ರೀಮ್ ಡಬ್ಬಗಳು, ಮತ್ತು ಎರಡು ಪೆಟ್ಟಿಗೆ ತುಂಬ ನನ್ನ ಪ್ರಬಂಧದ ಪ್ರತಿಗಳು. ಇಲ್ಲಿ ಪ್ರಬಂಧವನ್ನು ಪುಸ್ತಕವಾಗಿ ಅಚ್ಚು ಹಾಕಿಸುತ್ತಾರೆ. ಮಂಡನೆಗೆ ಮೊದಲು ಒಂದು ಪ್ರತಿಯನ್ನು ಸುತ್ತಿಗೆ ಹಿಡಿದು ವಿಶ್ವವಿದ್ಯಾಲಯದ ಹಲಗೆಗೆ ಮೊಳೆ ಹೊಡೆದು ನೇತುಹಾಕುವುದು ಸಂಪ್ರದಾಯ. ಯಾರು ಬೇಕಾದರೂ ಓದಲಿ ಎಂದು. ಯಾರೂ ಓದುವುದಿಲ್ಲ.

"ಅವ್ರೇ ಮೊಳೆ ಹೊಡೆದು ಗೋಡೆಗೆ ಬಿಟ್ಟಿದ್ದನ್ನ ನೀವ್ಯಾಕ್ರೀ ಮನೇಲಿಟ್ಕೊಂಡು ಕೂತಿದ್ದೀರಾ?" ಎಂದಳು.

ಒಂದು ಶನಿವಾರ ಎಲ್ಲವನ್ನೂ ಕೈಗಾಡಿಯಲ್ಲಿ ಹೇರಿಕೊಂಡು ಟ್ರಾಮ್ ಹತ್ತಿ ಕೊನೆಯ ಸ್ಟಾಪಿನಲ್ಲಿ ಇಳಿದೆ. ವಲಸೆ ಬಂದವರೇ ಹೆಚ್ಚಿರುವ, ಪತ್ರಿಕೆಗಳು ನಿಟ್ಟುಸಿರು ಬಿಡುತ್ತಾ ಬರೆಯುವಂಥ ಬಡಾವಣೆ ಅದು. ಅಲ್ಲಿನ ನಿವಾಸಿಗಳ ಸಂಘವೊಂದು ಹಳೆಯ ಸಾಮಾನು ಮಾರಿ, ಬಂದ ದುಡ್ಡಿನಲ್ಲಿ ಮಕ್ಕಳಿಗೆ ಪಾಠ, ದೊಡ್ಡವರಿಗೆ ಕಾಫಿ, ನಿರುದ್ಯೋಗಿಗಳಿಗೆ ಕೆಲಸ ಹುಡುಕಲು ಸಹಾಯ ಒದಗಿಸುತ್ತದೆ. ಕಷ್ಟದಲ್ಲಿರುವವರಿಗೆ ಕೈ ನೀಡುವ ಗತ್ತಿನಲ್ಲೇ ನಾನು ಬಾಗಿಲು ತಳ್ಳಿದ್ದು.

ಸಂಘದ ಯಜಮಾನಿಕೆ ಚಿಲಿ ದೇಶದಿಂದ ಬಂದು ನೆಲೆಸಿದ ಒಬ್ಬ ನಿವೃತ್ತ ಹೆಡ್‌ಮಿಸ್ಟ್ರೆಸ್‌ದು. ಆಕೆ ನನ್ನ ಪೆಟ್ಟಿಗೆ ನೋಡಲಿಲ್ಲ, ಮುಖ ನೋಡಿದರು.

"ಕಾಫಿ ಅಲ್ಲಿದೆ. ಕೆಲಸ ಹುಡುಕುವವರ ಮೇಜು ಆ ಕಡೆ."

"ನಾನು ಸಾಮಾನು ಕೊಡಲು ಬಂದವನು."

"ಸರಿ. ನಿನಗೆ ಕೆಲಸ ಇದೆಯಾ?"

"ಇಲ್ಲ."

"ಹಾಗಾದರೆ ಆ ಕಡೆ," ಎಂದರು. ಸ್ವೀಡಿಷ್‌ನಲ್ಲಿ ಎಲ್ಲರೂ ಎಲ್ಲರಿಗೂ ನೀನು. ಆದರೆ ಆಕೆಯ ನೀನಿನಲ್ಲಿ ಬೆತ್ತ ಇತ್ತು. ಹೋಗಿ ಕೂತೆ.

ಚೀಲ, ಡಬ್ಬಗಳನ್ನು ಇಟ್ಟುಕೊಂಡರು. ಪ್ರಬಂಧ ತೆರೆದು ಒಂದು ಪುಟ ಓದಿ, ಪೆಟ್ಟಿಗೆಗಳನ್ನು ಕಾಲಿನಿಂದ ನನ್ನ ಕಡೆಗೇ ತಳ್ಳಿ, "ಇದು ಮಾರಾಟವಾಗುವುದಿಲ್ಲ" ಎಂದರು.

ಆಮೇಲೆ ನನ್ನ ಬಯೋಡೇಟಾ ಕೇಳಿದರು. ಫೋನಿನಲ್ಲಿದ್ದದ್ದು ಕಾಲೇಜಿನ ಪ್ಲೇಸ್‌ಮೆಂಟ್ ಕಾಲದ ಫೈಲು. ವರ್ಷವರ್ಷವೂ ಅದಕ್ಕೇ ತೇಪೆ ಹಾಕುತ್ತಾ ಬಂದಿದ್ದೆ. ಆರು ಪುಟ. ತಂದೆಯ ಹೆಸರು, ವಿವಾಹಿತ, ಹವ್ಯಾಸಗಳು. ಕೊನೆಯಲ್ಲಿ, ಈ ಮೇಲಿನ ವಿವರಗಳೆಲ್ಲ ನನ್ನ ತಿಳಿವಳಿಕೆಯ ಮಟ್ಟಿಗೆ ಸತ್ಯ ಎಂಬ ಘೋಷಣೆ, ಸ್ಥಳ, ದಿನಾಂಕ.

"ನಿನ್ನ ಅಪ್ಪನೂ ಕೆಲಸ ಹುಡುಕುತ್ತಿದ್ದಾನಾ?"

"ಇಲ್ಲ."

"ಮತ್ತೆ ಈ ಸತ್ಯ ಅಂದರೆ ಏನು? ಇದನ್ನು ಓದುವವರೆಗೆ ನನಗೆ ಅನುಮಾನವೇ ಇರಲಿಲ್ಲ."

ಮೊದಲ ಸಾಲಿನಲ್ಲಿ ನಾನು ಹೊಸದಾಗಿ ತುರುಕಿದ್ದ ಬ್ಯಾಟರಿ ಪರಿಣತಿಯ ಮೇಲೆ ಬೆರಳಿಟ್ಟರು. "ಬ್ಯಾಟರಿ ಗೊತ್ತಾ ನಿನಗೆ?"

"ಸ್ವಲ್ಪ."

"ಟಾರ್ಚಿಗೆ ಹಾಕುವಷ್ಟಾ?"

ಅದೂ ಹೋಯಿತು. ಒಂದೂವರೆ ಪುಟ ಉಳಿಯಿತು. ಹೆಂಡತಿ ಮನೆಗೆ ಮಾಡುತ್ತಿದ್ದದ್ದನ್ನೇ ಈಕೆ ನನಗೆ ಮಾಡಿದ್ದರು.

ಅಷ್ಟಕ್ಕೇ ಬಿಡಲಿಲ್ಲ. ಟೈಪು ಮಾಡಲು ಬರುತ್ತದಲ್ಲ ಎಂದು, ಅಂದಿನಿಂದ ಪ್ರತಿ ಶನಿವಾರ ಉಳಿದವರ ಬಯೋಡೇಟಾ ಬರೆಯಲು ಕೂರಿಸಿದರು. ಕೆಲಸವಿಲ್ಲದವನು ಕೆಲಸವಿಲ್ಲದವರಿಗೆ ಕೆಲಸ ಹುಡುಕಿಕೊಡುವುದು. ನಮ್ಮೂರಿನಲ್ಲಿ ಇದಕ್ಕೆ ಕನ್ಸಲ್ಟೆನ್ಸಿ ಎನ್ನುತ್ತಾರೆ.

ಹೀಗೆ ಒಂದು ದಿನ ಸುಡಾನಿನವರೊಬ್ಬರು ಎದುರು ಕೂತರು. ತಮ್ಮ ಊರಿನ ಆಸ್ಪತ್ರೆಯಲ್ಲಿ ಜನರೇಟರ್ ನೋಡಿಕೊಳ್ಳುತ್ತಿದ್ದವರು. "ಕರೆಂಟ್ ಹೋದರೆ ಡಾಕ್ಟರು ಕೂಗುತ್ತಿದ್ದರು, ನಾನು ಕೆಳಗೆ ಓಡುತ್ತಿದ್ದೆ" ಎಂದರು.

"ಇದನ್ನು ಬರೆಯಬೇಕಾ? ಈ ದೇಶದಲ್ಲಿ ಕರೆಂಟೇ ಹೋಗುವುದಿಲ್ಲವಲ್ಲ."

"ಹೋಗುವುದಿಲ್ಲ ಅಂತ ಯಾರಾದರೂ ಬರೆದುಕೊಟ್ಟಿದ್ದಾರಾ?" ಎಂದು ಅವರು ನಕ್ಕರು.

ಟ್ರಾಮಿನಲ್ಲಿ ವಾಪಸು ಬರುವಾಗ ನನ್ನ ತಲೆಯೊಳಗೆ ದೀಪ ಹತ್ತಿತು ಎಂದು ನನ್ನ ನೆನಪು. ಹೆಂಡತಿ ಇದನ್ನು ಸಾರಾಸಗಟಾಗಿ ತಳ್ಳಿಹಾಕುತ್ತಾಳೆ. ಅವಳ ಪ್ರಕಾರ, ಕೆಲಸ ಹೋದ ವಾರವೇ ಡಬ್ಬ ಒರೆಸುತ್ತಾ ಅವಳು ಹೇಳಿದ್ದಳು: "ನಮ್ಮ ಬೆಂಗ್ಳೂರು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಲ್ಲಿ ಕರೆಂಟ್ ಹೋದಾಗೆಲ್ಲ ಜನರೇಟರ್ ಢರ್ರ್ ಅನ್ನತ್ತಲ್ಲ, ಅದೂ ಡೀಸೆಲ್ಲೇ ತಾನೆ? ಇಲ್ಲಿ ಯಾರೂ ಇಟ್ಕೊಂಡಿಲ್ವಾ?" ನಾನು ಆಗ ದೊಡ್ಡ ಮನುಷ್ಯನ ಹಾಗೆ ನಕ್ಕೆನಂತೆ. ನಕ್ಕಿರುತ್ತೇನೆ. ಅದು ನನ್ನ ಸ್ವಭಾವಕ್ಕೆ ಹೊಂದುತ್ತದೆ.

ಇಟ್ಟುಕೊಂಡಿದ್ದರು. ದೂರದ ಉತ್ತರದಲ್ಲಿ, ಲುಲೆಯೊದಲ್ಲಿ, ದೊಡ್ಡ ಡೇಟಾ ಸೆಂಟರೊಂದಿದೆ. ಕರೆಂಟು ಹೋಗಿಬಿಟ್ಟರೆ ಎಂದು ಅಂಥ ಕಡೆ ಸಾಲುಸಾಲು ಡೀಸೆಲ್ ಜನರೇಟರ್‌ಗಳನ್ನು ಆನೆಗಳ ಹಾಗೆ ಸಾಕುತ್ತಾರೆ. ಅವನ್ನು ನೋಡಿಕೊಳ್ಳುವ ಸಂಸ್ಥೆಯೊಂದಕ್ಕೆ ಎಂಜಿನಿಯರ್ ಬೇಕಾಗಿತ್ತು. ಒಂದೂವರೆ ಪುಟ ಕಳಿಸಿದೆ. ಸುಡಾನಿನವರಿಗೂ ಆ ಜಾಹೀರಾತು ಕಳಿಸಿದೆ. ನಾನು ಅರ್ಜಿ ಹಾಕುವ ಮುಂಚೆಯೇ ಕಳಿಸಿದೆ ಎಂದು ನನ್ನ ನೆನಪು, ಹಾಕಿದ ಮೇಲೆ ಎಂದು ಹೆಂಡತಿಯ ನೆನಪು. ಪುಣ್ಯಕ್ಕೆ, ಅವರಿಗೆ ಚಳಿಯೂ ಬೇಕಿರಲಿಲ್ಲ, ಲುಲೆಯೊವೂ ಬೇಕಿರಲಿಲ್ಲ. ನಾನು ಬರೆದುಕೊಟ್ಟ ಬಯೋಡೇಟಾವನ್ನೇ ತೋರಿಸಿ ಇದೇ ಊರಿನಲ್ಲಿ ಒಂದು ಆಸ್ಪತ್ರೆಯ ನಿರ್ವಹಣಾ ವಿಭಾಗ ಸೇರಿಕೊಂಡರು. ನನಗಿಂತ ಮುಂಚೆ.

ಗಡುವು ಹತ್ತಿರ ಬಂತು. ವಿಡಿಯೋದಲ್ಲಿ ಎರಡು ಸಂದರ್ಶನಗಳಾದವು, ಆಮೇಲೆ ಮೌನ. ಇಲ್ಲಿನವರ ಮೌನ ಒಪ್ಪಿಗೆಯೋ ನಿರಾಕರಣೆಯೋ ರಜೆಯೋ ಹೇಳಲಾಗದು. ಮನೆಯಿಂದ ಪುಸ್ತಕದ ಕಪಾಟು ಹೋಯಿತು, ಊಟದ ಮೇಜು ಹೋಯಿತು. ಕೊನೆಗೆ ಸಂಘದವರು ವ್ಯಾನ್ ತಂದು ಸೋಫಾ ಒಯ್ದರು. ಅವತ್ತೇ ಮಧ್ಯಾಹ್ನ ಫೋನು ಬಂತು.

ನನ್ನ ಸ್ವೀಡಿಷ್ ಕೇಳಿ ಹೆಂಡತಿಗೆ ಏನೂ ತಿಳಿಯಲಿಲ್ಲ. ಬರೀ "ಯಾ, ಯಾ" ಎನ್ನುತ್ತಿದ್ದೆನಂತೆ. ಫೋನಿಟ್ಟಾಗ ಅವಳ ಕೈ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಿತ್ತು.

"ಏನಂತ್ರೀ?"

"ಲುಲೆಯೊ. ಪರ್ಮಿಟ್ಟಿನ ಕಾಗದ ಅವ್ರೇ ಮಾಡಿಸ್ತಾರಂತೆ."

ಅವಳು ನನ್ನ ತೋಳು ಬಿಟ್ಟಳು. ಆಮೇಲೆ, "ಸದ್ಯ, ಸೋಫಾ ಕೊಟ್ಟಿದ್ದೇ ಒಳ್ಳೇದಾಯ್ತು. ಅಲ್ಲೀತನಕ ಯಾರು ಹೊರ್ತಿದ್ರು?" ಎಂದಳು.

ಆಗಲೇ ಇಬ್ಬರೂ ಗಮನಿಸಿದ್ದು. ಖಾಲಿ ಕೋಣೆಯಲ್ಲಿ ಕೂರಲು ಬೇರೇನೂ ಇಲ್ಲದೆ, ಮಾರಾಟವಾಗದ ಆ ಎರಡು ಪೆಟ್ಟಿಗೆಗಳ ಮೇಲೆ ಕೂತಿದ್ದೆವು. ಒಂದರ ಮೇಲೆ ನಾನು, ಇನ್ನೊಂದರ ಮೇಲೆ ಅವಳು.

"ನೋಡಿ, ನಿಮ್ಮ ಪಿಎಚ್‌ಡಿ ಎಷ್ಟು ಗಟ್ಟಿಯಾಗಿದೆ," ಎಂದು ಪೆಟ್ಟಿಗೆ ತಟ್ಟಿದಳು. "ಏಳಿ ಈಗ. ಇದನ್ನೂ ಕಟ್ಬೇಕು."